ಹಬ್ಬದ ದಿನ ನೀವೂ ಕೂರಿ: ಎಲ್ಲರೂ ತಿನ್ನಬಹುದಾದ ಬೇಕ್ ಮಾಡಿದ ಚೀಸ್ ತಿಂಡಿಗಳು

ಈದ್ ನಮಾಝ್ ಮುಗಿಸಿ ಮನೆಯ ಗಂಡಸರು ಈದ್ಗಾದಿಂದ ಮರಳಿದ್ದಾರೆ. ಮಕ್ಕಳು ಹೊಸ ಬಟ್ಟೆ ತೊಟ್ಟು ಬೀದಿಯಲ್ಲಿದ್ದಾರೆ. ಪಡಸಾಲೆಯಲ್ಲಿ ಅತಿಥಿಗಳ ಮಾತು, ನಗು. ಇಷ್ಟೆಲ್ಲ ಸಂಭ್ರಮದ ನಡುವೆ ನೀವು ಎಲ್ಲಿದ್ದೀರಿ? ಅಡುಗೆ ಮನೆಯಲ್ಲಿ, ಕಾದ ಎಣ್ಣೆಯ ಬಾಣಲೆಯ ಮುಂದೆ! ಒಂದು ತಂಡ ಎದ್ದಿತು ಎನ್ನುವಷ್ಟರಲ್ಲಿ ಇನ್ನೊಂದು ತಂಡ. ಸಮೋಸ ಬಿಸಿಯಾಗಿಯೇ ಇರಬೇಕು, ಮೆಣಸಿನಕಾಯಿ ಆಗಲೇ ಕರಿದದ್ದಾಗಿರಬೇಕು. ಮಧ್ಯಾಹ್ನದ ಹೊತ್ತಿಗೆ ಹೊಸ ಸೀರೆಗೆ ಎಣ್ಣೆಯ ವಾಸನೆ, ಕಾಲಿಗೆ ನೋವು. "ಭಾಬಿ, ಸ್ವಲ್ಪ ಬಂದು ಕೂತ್ಕೊಳ್ಳಿ" ಎಂದು ಕರೆದವರಿಗೆ "ಇದೊಂದು ಘಾಣ ತೆಗೆದು ಬಂದೆ" ಎಂಬ ಉತ್ತರ. ಆ ಘಾಣ ಸಂಜೆಯವರೆಗೂ ಮುಗಿಯುವುದಿಲ್ಲ.

ಅದೇ ದಿನದ ಇನ್ನೊಂದು ದೃಶ್ಯವನ್ನೂ ನೆನಪಿಸಿಕೊಳ್ಳಿ. ಎದುರು ಮನೆಯ ಅಕ್ಕ ಹಬ್ಬದ ಶುಭಾಶಯ ಹೇಳಲು ಬಂದಿದ್ದಾರೆ. ಅವರು ಸಸ್ಯಾಹಾರಿ. ನೀವು ಪ್ರೀತಿಯಿಂದ ತಟ್ಟೆ ಮುಂದಿಡುತ್ತೀರಿ. ಅವರು ಒಂದು ಕ್ಷಣ ತಟ್ಟೆಯನ್ನೂ ನಿಮ್ಮ ಮುಖವನ್ನೂ ನೋಡುತ್ತಾರೆ. ಸಮೋಸದಲ್ಲಿ ಏನಿದೆ? ಪಫ್‌ಗೆ ಮೊಟ್ಟೆ ಸವರಿದ್ದಾರೆಯೇ? ಎಣ್ಣೆ ಯಾವುದರದ್ದು? ಕೇಳಲು ಅವರಿಗೆ ಸಂಕೋಚ, ಹೇಳಲು ನಿಮಗೆ ಸಮಯವಿಲ್ಲ. ಕೊನೆಗೆ ಒಂದು ಬಾಳೆಹಣ್ಣು ತೆಗೆದುಕೊಂಡು, ಒಂದು ಲೋಟ ಸುರ್ಕುಂಬಾ ಕುಡಿದು ಎದ್ದು ಹೋಗುತ್ತಾರೆ. ಯಾರ ತಪ್ಪೂ ಇಲ್ಲ. ಆದರೂ ಮನಸ್ಸಿಗೆ ಏನೋ ಕೊರತೆ ಉಳಿಯುತ್ತದೆ, ಅಲ್ಲವೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ಊರುಗಳಲ್ಲಿ ಈ ಎರಡೂ ದೃಶ್ಯಗಳು ಹೊಸತಲ್ಲ. ಇಲ್ಲಿ ಓಣಿಗಳು ಬೆರೆತುಕೊಂಡಿವೆ. ಸಂತೆ ಒಂದೇ, ಶಾಲೆ ಒಂದೇ, ಅಡಿಕೆ ಮಂಡಿಯೂ ಮೆಕ್ಕೆಜೋಳದ ವ್ಯಾಪಾರವೂ ಒಂದೇ. ಹಬ್ಬಕ್ಕೆ ಬರುವವರಲ್ಲಿ ಮಾಂಸ ತಿನ್ನುವವರೂ ಇರುತ್ತಾರೆ, ಮೊಟ್ಟೆಯನ್ನೂ ಮುಟ್ಟದವರೂ ಇರುತ್ತಾರೆ. ಸಾರಿಗೆ ಒಂದಿಷ್ಟು ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಿರಿ ಎಂಬ ಪ್ರವಾದಿಯವರ(ಸ) ಉಪದೇಶ ನಮಗೆಲ್ಲ ಗೊತ್ತು. ಆ ನೆರೆಯವರು ನಮ್ಮ ಸಾರನ್ನೇ ಉಣ್ಣದವರಾದರೆ? ಅವರಿಗಾಗಿ ತಟ್ಟೆಯನ್ನು ಸ್ವಲ್ಪ ಬದಲಿಸಿದರಾಯಿತು.

ಎರಡು ತೊಂದರೆಗಳಿಗೂ ಒಂದೇ ಉಪಾಯವಿದೆ. ಹಿಂದಿನ ದಿನವೇ ಸಿದ್ಧಪಡಿಸಿಟ್ಟು, ಅತಿಥಿಗಳು ಬಂದಾಗ ಬೇಕ್ ಮಾಡಿ ಕೊಡುವ ಪನೀರ್ ಮತ್ತು ಚೀಸ್ ತಿಂಡಿಗಳು. ಒಳಗೆ ಇಟ್ಟು ಮುಚ್ಚಳ ಹಾಕಿದರೆ ನೀವು ಬಂದು ಕೂರಬಹುದು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಆದ್ದರಿಂದ ಎದುರು ಮನೆ ಅಕ್ಕನೂ ನಿಶ್ಚಿಂತೆಯಿಂದ ಕೈ ಹಾಕಬಹುದು.

ಬೇಕಿಂಗ್ ನಮಗೆ ಹೊಸತೇ?

"ಅದೆಲ್ಲ ಬೆಂಗಳೂರಿನವರಿಗೆ, ನಮ್ಮಲ್ಲಿ ಓವನ್ ಎಲ್ಲಿದೆ?" ಎಂದು ನೀವು ಕೇಳಬಹುದು. ಸ್ವಲ್ಪ ಯೋಚಿಸಿ. ಬಿರಿಯಾನಿಗೆ ದಮ್ ಕೊಡುವಾಗ ಮುಚ್ಚಳದ ಮೇಲೆ ಕೆಂಡ ಹರಡುತ್ತೀರಲ್ಲ, ಅದು ಏನು? ಕೆಳಗಿನಿಂದಲೂ ಮೇಲಿನಿಂದಲೂ ಒಣ ಶಾಖ ಕೊಟ್ಟು ಬೇಯಿಸುವುದು. ಓವನ್ ಮಾಡುವುದೂ ಅದನ್ನೇ. ಹಬ್ಬಕ್ಕೆ ಮುಂಚೆ ನಾನ್‌ಖಟಾಯಿಯ ಹಿಟ್ಟನ್ನು ಮನೆಯಲ್ಲಿ ಕಲಸಿ, ಬೇಕರಿಯ ಒಲೆಯಲ್ಲಿ ಸುಡಿಸಿ ತರುವ ರೂಢಿ ನಮ್ಮ ಹಲವು ಊರುಗಳಲ್ಲಿತ್ತು.

ಚೀಸ್ ತುಂಬಿ ಸುಡುವ ತಿಂಡಿಗಳೂ ಪರಕೀಯವೇನಲ್ಲ. ತುರ್ಕಿಯಲ್ಲಿ ತೆಳು ಹಾಳೆಯಂತಹ ಹಿಟ್ಟಿನ ನಡುವೆ ಚೀಸ್ ಇಟ್ಟು ಸುಟ್ಟ ಬೋರೆಕ್ ಮನೆಮನೆಯ ತಿಂಡಿ. ಲೆಬನಾನಿನಲ್ಲಿ ರೊಟ್ಟಿಯ ಮೇಲೆ ಚೀಸ್ ಹರಡಿ ಸುಟ್ಟ ಮನಾಕೀಶ್ ಬೆಳಗಿನ ಉಪಾಹಾರ. ಫೆಲೆಸ್ತೀನಿನ ನಾಬ್ಲುಸ್ ನಗರದ ಹೆಸರು ಅಲ್ಲಿನ ಚೀಸ್ ಹಾಕಿದ ಕುನಾಫಾದಿಂದಲೇ ದೂರದೂರಕ್ಕೆ ಗೊತ್ತು. ಅರಬರ ಸಂಬೂಸಕ್ ನಮ್ಮ ಸಮೋಸದ ನೆಂಟನೇ; ಅದರಲ್ಲಿ ಚೀಸ್ ತುಂಬುವುದು ಸಾಮಾನ್ಯ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದವರನ್ನು ಕೇಳಿದರೆ ಇವುಗಳ ರುಚಿಯನ್ನು ಅವರೇ ಹೇಳಿಯಾರು.

ಓವನ್ ಇಲ್ಲದಿದ್ದರೆ

ದಪ್ಪ ತಳದ ಹಳೆಯ ಅಲ್ಯುಮಿನಿಯಂ ಡಬರಿ ಅಥವಾ ಬಿರಿಯಾನಿ ಪಾತ್ರೆ ಇದ್ದರೆ ಸಾಕು. ತಳದಲ್ಲಿ ಅರ್ಧ ಇಂಚು ದಪ್ಪಕ್ಕೆ ಪುಡಿ ಉಪ್ಪನ್ನು ಅಥವಾ ಜರಡಿ ಹಿಡಿದ ಒಣ ಮರಳನ್ನು ಹರಡಿ. ಅದರ ಮೇಲೆ ಒಂದು ಕಬ್ಬಿಣದ ಸ್ಟ್ಯಾಂಡ್ ಅಥವಾ ಮಗುಚಿಟ್ಟ ಸ್ಟೀಲ್ ಬಟ್ಟಲು ಇಡಿ. ಬಿಗಿಯಾದ ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ನಂತರ ತಿಂಡಿ ಜೋಡಿಸಿದ ತಟ್ಟೆಯನ್ನು ಸ್ಟ್ಯಾಂಡ್ ಮೇಲಿಟ್ಟು ಮುಚ್ಚಿ, ಉರಿ ಸಣ್ಣ ಮಾಡಿ. ಆ ಉಪ್ಪನ್ನು ಆರಿದ ಮೇಲೆ ಡಬ್ಬಿಯಲ್ಲಿ ತುಂಬಿಟ್ಟು ಮತ್ತೆ ಮತ್ತೆ ಇದೇ ಕೆಲಸಕ್ಕೆ ಬಳಸಬಹುದು.

ಎರಡು ಎಚ್ಚರಿಕೆಗಳು. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಬರಿದಾಗಿ ಕಾಯಿಸಬಾರದು. ದಿನಬಳಕೆಯ ಪ್ರೆಶರ್ ಕುಕ್ಕರನ್ನೂ ಇದಕ್ಕೆ ಬಳಸದಿರುವುದು ಲೇಸು. ನೀರಿಲ್ಲದೆ ಕಾಯಿಸಿದರೆ ಅದು ಕೆಡುತ್ತದೆ. ಇನ್ನೊಂದು ಮಾತು, ಇಂತಹ ಪಾತ್ರೆಯಲ್ಲಿ ತಿಂಡಿಯ ತಳ ಚೆನ್ನಾಗಿ ಕೆಂಪಾಗುತ್ತದೆ, ಮೇಲ್ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಅರ್ಧದಲ್ಲಿ ತಿರುವಿ ಹಾಕಬೇಕು, ಇಲ್ಲವೇ ದಮ್‌ಗೆ ಮಾಡುವಂತೆ ಮುಚ್ಚಳದ ಮೇಲೆ ಕೆಂಡ ಹರಡಬೇಕು. ಕೆಂಡದ ಕೆಲಸ ಹಿತ್ತಲಿನ ಬಯಲಿನಲ್ಲೇ ಆಗಲಿ. ಬಾಗಿಲು ಮುಚ್ಚಿದ ಅಡುಗೆ ಮನೆಯಲ್ಲಿ ಇದ್ದಲಿನ ಹೊಗೆ ಪ್ರಾಣಕ್ಕೇ ಅಪಾಯ.

ಮನೆಯಲ್ಲಿ ಓಟಿಜಿ ಇದ್ದವರು 180 ಡಿಗ್ರಿ ಸೆಲ್ಸಿಯಸ್‌ಗೆ 10 ನಿಮಿಷ ಮೊದಲೇ ಕಾಯಿಸಿಕೊಳ್ಳಿ. ಕೆಳಗೆ ಹೇಳಿರುವ ಸಮಯ ಓಟಿಜಿಯದು. ಡಬರಿಯಲ್ಲಾದರೆ 5ರಿಂದ 10 ನಿಮಿಷ ಹೆಚ್ಚು ಬೇಕಾಗಬಹುದು. ಕರೆಂಟ್ ನಂಬುವಂತಿಲ್ಲ ಎನ್ನುವವರು ಡಬರಿಯನ್ನೂ ಸಿದ್ಧವಾಗಿಟ್ಟುಕೊಳ್ಳಿ.

ಪನೀರ್ ಮತ್ತು ಚೀಸ್: ಯಾವುದು, ಏಕೆ?

ಹಾಲಿಗೆ ಕುದಿಯುವಾಗ ಹುಳಿ ಹಾಕಿ ಒಡೆಸಿದರೆ ಪನೀರ್. ಅದು ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಆಕಾರ ಬಿಡುವುದಿಲ್ಲ. ಹಾಲಿಗೆ ರೆನೆಟ್ ಎಂಬ ಕಿಣ್ವ ಹಾಕಿ ಹೆಪ್ಪುಗಟ್ಟಿಸಿದ್ದು ಸಾಮಾನ್ಯವಾಗಿ ನಾವು ಚೀಸ್ ಎನ್ನುವುದು. ಅದು ಶಾಖಕ್ಕೆ ಕರಗಿ ಎಳೆಎಳೆಯಾಗುತ್ತದೆ. ಬರೀ ಚೀಸ್ ತುಂಬಿದರೆ ಕರಗಿ ಹರಿದು ಹೋಗುತ್ತದೆ, ಬರೀ ಪನೀರ್ ತುಂಬಿದರೆ ಒಣಒಣ. ಆದ್ದರಿಂದ ಮೂರು ಪಾಲು ಪನೀರ್, ಒಂದು ಪಾಲು ಚೀಸ್ ಎಂಬ ಲೆಕ್ಕ ನೆನಪಿಟ್ಟುಕೊಳ್ಳಿ. ಖರ್ಚೂ ಉಳಿಯುತ್ತದೆ.

ಹಾಲಿಗೆ ನಮ್ಮ ಕಡೆ ಬರವಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ 2018ರಲ್ಲಿ ಬೇರೆ ತಾಲ್ಲೂಕಾಯಿತು. ಜಿಲ್ಲೆಯ ಗಡಿಗಳು ಹೀಗೆ ಬದಲಾದರೂ ಹಾಲಿನ ಒಕ್ಕೂಟ ಈ ಮೂರೂ ಜಿಲ್ಲೆಗಳಿಗೆ ಒಂದೇ, ಶಿವಮೊಗ್ಗದ ಶಿಮುಲ್. ನಂದಿನಿ ಹಾಲಿನಿಂದ ಮನೆಯಲ್ಲೇ ಪನೀರ್ ಮಾಡಬಹುದು. 1 ಲೀಟರ್ ಗಟ್ಟಿ ಹಾಲು ಉಕ್ಕಿ ಬಂದಾಗ ಉರಿ ಸಣ್ಣ ಮಾಡಿ, 2 ದೊಡ್ಡ ಚಮಚ ನಿಂಬೆರಸವನ್ನು ಅಷ್ಟೇ ನೀರಿಗೆ ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ. ತಿಳಿನೀರು ಹಸಿರು ಛಾಯೆಗೆ ತಿರುಗಿ ಬೇರ್ಪಟ್ಟ ಕೂಡಲೇ ಒಲೆ ಆರಿಸಿ, ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಭಾರವಿಟ್ಟು ಅರ್ಧ ಗಂಟೆ ಬಿಡಿ. ಸುಮಾರು 150ರಿಂದ 200 ಗ್ರಾಂ ಪನೀರ್ ಸಿಗುತ್ತದೆ. ಸೋಸಿದ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು ಅದು ಬಹಳ ಒಳ್ಳೆಯದು.

ಅಂಗಡಿಯಿಂದ ತರುವುದಾದರೆ ಪೊಟ್ಟಣದ ಮೇಲಿನ ಪಟ್ಟಿಯನ್ನು ಓದಿ. ತಾಳೆ ಎಣ್ಣೆ ಅಥವಾ ಇತರ ಸಸ್ಯ ಕೊಬ್ಬಿನ ಹೆಸರಿದ್ದರೆ ಅದು ಪನೀರ್‌ನಂತೆ ಕಾಣುವ ಬೇರೆ ವಸ್ತು. ಬಿಡಿಯಾಗಿ ಮಾರುವ ಪನೀರ್ ಬಗ್ಗೆ ಅನುಮಾನವಿದ್ದರೆ, ಒಂದು ಚೂರನ್ನು ನೀರಿನಲ್ಲಿ ಕುದಿಸಿ ಆರಿಸಿ, ಮೇಲೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿ ನೋಡಿ. ನೀಲಿ ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಪಿಷ್ಟ ಬೆರೆಸಿದ್ದಾರೆ. ಆ ಚೂರನ್ನು ಎಸೆದುಬಿಡಿ.

ಚೀಸ್ ವಿಷಯದಲ್ಲಿ ಇನ್ನೊಂದು ಪ್ರಶ್ನೆಯಿದೆ. ಹಿಂದಿನ ಕಾಲದಿಂದ ರೆನೆಟನ್ನು ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಹಲವು ದೇಶಗಳಲ್ಲಿ ಇಂದಿಗೂ ತೆಗೆಯುತ್ತಾರೆ. ಹಾಗಾದರೆ ಆ ಪ್ರಾಣಿಯನ್ನು ಹೇಗೆ ವಧಿಸಿದರು ಎಂಬ ಪ್ರಶ್ನೆ ನಮಗೆ. ಪ್ರಾಣಿಯ ಅಂಶವೇ ಬೇಡ ಎಂಬ ಪ್ರಶ್ನೆ ಎದುರು ಮನೆಯವರಿಗೆ. ನಮ್ಮ ದೇಶದಲ್ಲಿ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇರುವ ಚೀಸ್‌ನಲ್ಲಿ ಪ್ರಾಣಿಮೂಲದ ರೆನೆಟ್ ಇರುವಂತಿಲ್ಲ, ಸೂಕ್ಷ್ಮಾಣುಗಳಿಂದ ಪಡೆದ ಕಿಣ್ವ ಬಳಸುತ್ತಾರೆ. ರೆನೆಟ್ ಮಟ್ಟಿಗೆ ಹೇಳುವುದಾದರೆ ಆ ಒಂದು ಪುಟ್ಟ ಗುರುತು ಎರಡೂ ಮನೆಗಳ ಪ್ರಶ್ನೆಗೆ ಉತ್ತರ. ವಿದೇಶದಿಂದ ಬಂದವರು ತಂದುಕೊಟ್ಟ ಚೀಸ್ ಆದರೆ ಲೇಬಲ್ ಓದದೆ ಈ ತಟ್ಟೆಗೆ ಬಳಸಬೇಡಿ.

ನಮ್ಮ ಊರಿನ ಅಂಗಡಿಗಳಲ್ಲಿ ಚೀಸ್ ಕ್ಯೂಬ್ ಸಿಗುವುದು ಸುಲಭ. ಮೊಝರೆಲ್ಲಾ ಬೇಕಾದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿಬರುವವರ ಕೈಯಲ್ಲಿ ತರಿಸಬೇಕಾಗಬಹುದು. ಬಿಸಿಲಿನ ಬಸ್ ಪ್ರಯಾಣಕ್ಕೆ ಒಂದು ಸ್ಟೀಲ್ ಡಬ್ಬಿ ಮತ್ತು ಬರ್ಫದ ಪೊಟ್ಟಣ ಕೊಟ್ಟು ಕಳಿಸಿ. ಸಿಗದಿದ್ದರೆ ಚಿಂತೆ ಬೇಡ, ಈ ನಾಲ್ಕು ತಿಂಡಿಗಳಿಗೂ ಕ್ಯೂಬ್ ಸಾಕು.

1. ಬೇಕ್ ಮಾಡಿದ ಮೆಣಸಿನಕಾಯಿ

ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿ ಇದ್ದ ಕಡೆ ಮೆಣಸಿನಕಾಯಿ ಇರಲೇಬೇಕು. ಎಣ್ಣೆಯಲ್ಲಿ ಮುಳುಗಿಸದೆಯೇ ಅದನ್ನು ಹೀಗೆ ಮಾಡಿ.

ಬೇಕಾಗುವ ಸಾಮಗ್ರಿಗಳು: ದಪ್ಪ ಬಜ್ಜಿ ಮೆಣಸಿನಕಾಯಿ 12, ಪುಡಿ ಮಾಡಿದ ಪನೀರ್ 150 ಗ್ರಾಂ, ತುರಿದ ಚೀಸ್ 50 ಗ್ರಾಂ, ಹುರಿಗಡಲೆ ಪುಡಿ 2 ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಕೊತ್ತಂಬರಿ ಸೊಪ್ಪು ಸ್ವಲ್ಪ, ನಿಂಬೆರಸ 1 ಚಮಚ, ಎಣ್ಣೆ 2 ಚಮಚ.

ತಯಾರಿಸುವ ವಿಧಾನ: ಕೈಗೆ ಎಣ್ಣೆ ಸವರಿಕೊಂಡು ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜ ಮತ್ತು ಒಳಗಿನ ಬಿಳಿ ನಾರು ತೆಗೆಯಿರಿ. ಖಾರದ ಬಹುಪಾಲು ಆ ನಾರಿನಲ್ಲೇ ಇರುತ್ತದೆ. ಉಳಿದುದನ್ನೆಲ್ಲ ಕಲಸಿ ತುಂಬಿ. ಚೀಸ್‌ನಲ್ಲಿ ಉಪ್ಪು ಇರುವುದರಿಂದ ರುಚಿ ನೋಡದೆ ಉಪ್ಪು ಹಾಕಬೇಡಿ. ಹುರಿಗಡಲೆ ಪುಡಿ ಪನೀರ್‌ನ ನೀರನ್ನು ಹೀರಿಕೊಂಡು ಹೂರಣ ಹೊರಬರದಂತೆ ಹಿಡಿದಿಡುತ್ತದೆ. ಮೇಲೆ ಎಣ್ಣೆ ಸವರಿ, ಸೀಳಿದ ಭಾಗ ಮೇಲೆ ಬರುವಂತೆ ಜೋಡಿಸಿ 15ರಿಂದ 20 ನಿಮಿಷ ಬೇಕ್ ಮಾಡಿ. ಇದನ್ನು ಡಬರಿಯಲ್ಲಿ ತಿರುವಿ ಹಾಕಬೇಡಿ, ಮೇಲೆ ಕೆಂಪಾಗದಿದ್ದರೂ ರುಚಿಗೆ ಕೊರತೆಯಿಲ್ಲ. ಮಂಡಕ್ಕಿ ಒಗ್ಗರಣೆಯ ಪಕ್ಕದಲ್ಲಿಟ್ಟು ಕೊಡಿ.

2. ಮೆಕ್ಕೆಜೋಳದ ಬ್ರೆಡ್ ಬಟ್ಟಲು

ಬೇಕಾಗುವ ಸಾಮಗ್ರಿಗಳು: ಬ್ರೆಡ್ 12 ತುಂಡು, ಕರಗಿಸಿದ ಬೆಣ್ಣೆ 3 ದೊಡ್ಡ ಚಮಚ, ಬೇಯಿಸಿದ ಎಳೆ ಮೆಕ್ಕೆಜೋಳ ಅಥವಾ ಸ್ವೀಟ್ ಕಾರ್ನ್ 1 ಲೋಟ, ಸಣ್ಣಗೆ ಹೆಚ್ಚಿದ ದೊಣ್ಣೆಮೆಣಸು 1, ಪನೀರ್ 100 ಗ್ರಾಂ, ತುರಿದ ಚೀಸ್ 60 ಗ್ರಾಂ, ಕಾಳುಮೆಣಸಿನ ಪುಡಿ ಅರ್ಧ ಚಮಚ.

ತಯಾರಿಸುವ ವಿಧಾನ: ಬ್ರೆಡ್ಡಿನ ಅಂಚು ತೆಗೆದು ಲಟ್ಟಣಿಗೆಯಿಂದ ತೆಳ್ಳಗೆ ಒತ್ತಿ, ಎರಡೂ ಕಡೆ ಬೆಣ್ಣೆ ಸವರಿ, ಪುಟ್ಟ ಸ್ಟೀಲ್ ಬಟ್ಟಲುಗಳೊಳಗೆ ಒತ್ತಿ ಕೂರಿಸಿ. ಮೊದಲು ಬರಿದಾಗಿಯೇ 6–7 ನಿಮಿಷ ಬೇಕ್ ಮಾಡಿ. ಹೀಗೆ ಮಾಡದಿದ್ದರೆ ತಳ ಮೆತ್ತಗಾಗುತ್ತದೆ. ನಂತರ ಉಳಿದ ಸಾಮಗ್ರಿಗಳನ್ನು ಕಲಸಿ ತುಂಬಿ, ಚೀಸ್ ಕರಗುವವರೆಗೆ 8 ನಿಮಿಷ ಇಡಿ. ಬರಿದಾದ ಬಟ್ಟಲುಗಳನ್ನು ಹಿಂದಿನ ದಿನವೇ ಸುಟ್ಟು ಡಬ್ಬಿಯಲ್ಲಿಡಬಹುದು. ಮಕ್ಕಳಿಗೆ ಇದು ಬಹಳ ಇಷ್ಟ. ತೆಗೆದ ಅಂಚುಗಳನ್ನು ಅದೇ ಶಾಖದಲ್ಲಿ ಗರಿಗರಿ ಮಾಡಿ ಸೂಪಿಗೆ ಹಾಕಿ.

3. ಪನೀರ್ ಈರುಳ್ಳಿ ಸಮೋಸ

ಜಗಳೂರು ಕಡೆಯ ಈರುಳ್ಳಿಯನ್ನು ಈ ತಿಂಡಿಗೆ ಬಳಸಿ ನೋಡಿ. ರಮಝಾನಿನಲ್ಲಿ ತಂದ ಸಮೋಸ ಪಟ್ಟಿ ಫ್ರಿಜ್ಜಿನಲ್ಲಿ ಉಳಿದಿದ್ದರೆ ಅದೇ ಆಯಿತು.

ಬೇಕಾಗುವ ಸಾಮಗ್ರಿಗಳು: ಸಮೋಸ ಪಟ್ಟಿ 20, ಈರುಳ್ಳಿ 3, ಪನೀರ್ 200 ಗ್ರಾಂ, ತುರಿದ ಚೀಸ್ 60 ಗ್ರಾಂ, ಹಸಿಮೆಣಸು 3, ಪುದೀನಾ ಸ್ವಲ್ಪ, ಎಣ್ಣೆ 3 ದೊಡ್ಡ ಚಮಚ, ಅಂಟಿಸಲು ಮೈದಾ ಅಂಟು.

ತಯಾರಿಸುವ ವಿಧಾನ: ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ 1 ಚಮಚ ಎಣ್ಣೆಯಲ್ಲಿ ನೀರೆಲ್ಲ ಆರಿ ಹೊಂಬಣ್ಣ ಬರುವವರೆಗೆ ಹುರಿಯಿರಿ. ಪೂರ್ತಿ ಆರಿದ ಮೇಲೆ ಪನೀರ್, ಚೀಸ್, ಹಸಿಮೆಣಸು, ಪುದೀನಾ ಬೆರೆಸಿ. ಹೂರಣ ಒಣಗಿದ್ದಷ್ಟೂ ಸಮೋಸ ಗರಿಯಾಗುತ್ತದೆ. ಪಟ್ಟಿಯಲ್ಲಿ ತುಂಬಿ ಮಡಚಿ ಅಂಟಿಸಿ, ಎರಡೂ ಕಡೆ ಎಣ್ಣೆ ಸವರಿ 15ರಿಂದ 18 ನಿಮಿಷ ಬೇಕ್ ಮಾಡಿ, ನಡುವೆ ಒಮ್ಮೆ ತಿರುವಿ. ಕರಿದ ಸಮೋಸದಷ್ಟು ಉಬ್ಬುವುದಿಲ್ಲ, ಆದರೆ ಗರಿಗರಿತನಕ್ಕೆ ಮೋಸವಿಲ್ಲ. ಬೆಳ್ಳುಳ್ಳಿ, ಈರುಳ್ಳಿ ತಿನ್ನದ ಜೈನ ಅತಿಥಿಗಳಿದ್ದರೆ ಈರುಳ್ಳಿಯ ಬದಲು ಬೇಯಿಸಿದ ಮೆಕ್ಕೆಜೋಳ ಹಾಕಿ ನಾಲ್ಕಾರು ಬೇರೆಯಾಗಿಯೇ ಮಾಡಿಡಿ.

4. ಚೀಸ್ ಖಾರಾ ಬಿಸ್ಕತ್ತು

ಬೇಕಾಗುವ ಸಾಮಗ್ರಿಗಳು: ಮೈದಾ 150 ಗ್ರಾಂ, ತಣ್ಣನೆಯ ಬೆಣ್ಣೆ 75 ಗ್ರಾಂ, ತುರಿದ ಚೀಸ್ 80 ಗ್ರಾಂ, ಹಸಿಮೆಣಸು 2, ಕರಿಬೇವು ಒಂದು ಎಸಳು, ಜೀರಿಗೆ ಅರ್ಧ ಚಮಚ, ತಣ್ಣನೆಯ ಹಾಲು 2–3 ದೊಡ್ಡ ಚಮಚ.

ತಯಾರಿಸುವ ವಿಧಾನ: ಮೈದಾ ಮತ್ತು ಬೆಣ್ಣೆಯನ್ನು ಬೆರಳ ತುದಿಯಿಂದ ರವೆಯಂತಾಗುವವರೆಗೆ ಉಜ್ಜಿ. ಚೀಸ್, ಸಣ್ಣಗೆ ಹೆಚ್ಚಿದ ಮೆಣಸು, ಕರಿಬೇವು, ಜೀರಿಗೆ ಸೇರಿಸಿ, ಹಾಲು ಚಿಮುಕಿಸಿ ಉಂಡೆ ಮಾಡಿ. ನಾದಬೇಡಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕಾಲು ಇಂಚು ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಮೇಲೆ ಹಾಲು ಸವರಿ 170 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಸುಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ನಾಲ್ಕೈದು ದಿನ ಕೆಡುವುದಿಲ್ಲ. ಊರಿನ ಬೇಕರಿಯವರು ಪರಿಚಯದವರಾದರೆ ಹಬ್ಬದ ಗಡಿಬಿಡಿಗೆ ಮೊದಲೇ ಕೇಳಿ ನೋಡಿ, ಬ್ರೆಡ್ ತೆಗೆದ ಮೇಲಿನ ಒಲೆಯ ಶಾಖ ಇದಕ್ಕೆ ಸಾಕು.

ಚಂದ್ರ ಕಾಣದಿದ್ದರೆ?

ನಮ್ಮ ಹಬ್ಬದ ತಯಾರಿಗೆ ಇತರರಿಗಿಲ್ಲದ ಒಂದು ಸಮಸ್ಯೆಯಿದೆ. 29ನೇ ಉಪವಾಸದ ಸಂಜೆಯವರೆಗೂ ಹಬ್ಬ ನಾಳೆಯೋ ನಾಡಿದ್ದೋ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ದಿನ ಹೆಚ್ಚು ಕಾಯಬಲ್ಲ ಕೆಲಸಗಳನ್ನಷ್ಟೇ ಮೊದಲು ಮಾಡಿ. ಬಿಸ್ಕತ್ತು ಮತ್ತು ಬರಿದಾದ ಬ್ರೆಡ್ ಬಟ್ಟಲು 28ನೇ ದಿನವೇ ಆಗಲಿ. ಪನೀರನ್ನು 29ರ ಸಂಜೆ ಮಾಡಿ ಫ್ರಿಜ್ಜಿನಲ್ಲಿಡಿ, ಹಬ್ಬ ಒಂದು ದಿನ ಮುಂದೆ ಹೋದರೂ ಅದು ಹಾಳಾಗುವುದಿಲ್ಲ. ಚಂದ್ರದರ್ಶನದ ಸುದ್ದಿ ಖಚಿತವಾದ ಮೇಲೆ ಹೂರಣ ಕಲಸಿ ತುಂಬಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಹಬ್ಬದ ಬೆಳಗ್ಗೆ ಉಳಿಯುವುದು ಬೇಕ್ ಮಾಡುವ ಕೆಲಸ ಮಾತ್ರ.

2023ರಿಂದ 2025ರವರೆಗೆ ಈದುಲ್ ಫಿತ್ರ್ ಮಾರ್ಚ್ ಕೊನೆ ಮತ್ತು ಏಪ್ರಿಲಿನ ಬಿಸಿಲಿನಲ್ಲೇ ಬಂದಿತ್ತು. ಇಂತಹ ಸೆಕೆಯಲ್ಲಿ ಹಾಲಿನ ತಿಂಡಿಗಳು ಬೇಗ ಕೆಡುತ್ತವೆ. ಬೇಕ್ ಮಾಡಿದ ತಿಂಡಿಯನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ. ಎಲ್ಲವನ್ನೂ ಒಮ್ಮೆಲೇ ಸುಡದೆ, ಒಂದೊಂದು ತಂಡಕ್ಕೆ ಒಂದೊಂದು ತಟ್ಟೆ ಒಳಗಿಡಿ. 20 ಜನರಿಗೆ ತಲಾ ಮೂರರಂತೆ 60 ತುಂಡುಗಳು ಸಾಕು, ಮುಂದೆ ಊಟವಿದೆಯಲ್ಲ.

ಒಂದು ಪ್ರಾಮಾಣಿಕ ಮಾತನ್ನೂ ಹೇಳಬೇಕು. ಕರಿಯಲಿಲ್ಲ ಎಂದಮಾತ್ರಕ್ಕೆ ಇದು ಪಥ್ಯದ ಆಹಾರವಾಗುವುದಿಲ್ಲ. ಎಣ್ಣೆ ಕಡಿಮೆಯಾಗಿದೆ, ಆದರೆ ಚೀಸ್‌ನಲ್ಲಿ ಕೊಬ್ಬೂ ಉಪ್ಪೂ ಇವೆ. ರಕ್ತದೊತ್ತಡ ಇರುವ ಹಿರಿಯರ ತಟ್ಟೆಗೆ ಚೀಸ್ ಹಾಕದೆ ಬರೀ ಪನೀರ್ ತುಂಬಿದ ಒಂದೆರಡನ್ನು ಗುರುತು ಮಾಡಿ ಇಡಿ.

ಆ ತಟ್ಟೆಯನ್ನು ಕೊಡುವಾಗ

ಎದುರು ಮನೆ ಅಕ್ಕನಿಗಾಗಿ ಮಾಡಿದ್ದು ನಿಜವಾಗಿ ಅವರಿಗೆ ತಲುಪಬೇಕಾದರೆ ಇನ್ನು ಕೆಲವು ಸಣ್ಣ ವಿಷಯಗಳಿವೆ. ಈ ತಿಂಡಿಗಳನ್ನು ಮಾಂಸ ಅಡುಗೆ ಮನೆಗೆ ಬರುವ ಮೊದಲೇ ಸಿದ್ಧಪಡಿಸಿ. ಚಾಕು, ಮಣೆ, ಬ್ರಷ್ ಬೇರೆಯೇ ಇರಲಿ. ಕಬಾಬ್ ಸುಟ್ಟ ತಟ್ಟೆಯಲ್ಲಿ ಇದನ್ನಿಡಬೇಡಿ. ಹೊಳಪಿಗೆ ಮೊಟ್ಟೆಯ ಬದಲು ಹಾಲು ಸವರಿ. ತಟ್ಟೆ ಮುಂದಿಡುವಾಗ ಅವರು ಕೇಳಲಿ ಎಂದು ಕಾಯದೆ ನೀವೇ ಹೇಳಿ: "ಅಕ್ಕಾ, ಇದು ಪನೀರಿಂದು. ಮೊಟ್ಟೆ ಹಾಕಿಲ್ಲ, ಪಾತ್ರೆನೂ ಬೇರೆ ಇಟ್ಟಿದ್ದೀನಿ. ಆರಾಮಾಗಿ ತಿನ್ನಿ." ಮಾಡದೆ ಇದ್ದದ್ದನ್ನು ಮಾತ್ರ ಮಾಡಿದ್ದೇನೆ ಎನ್ನಬೇಡಿ. ಆ ನಂಬಿಕೆ ಒಮ್ಮೆ ಒಡೆದರೆ ಯಾವ ಚೀಸ್‌ನಿಂದಲೂ ಅಂಟುವುದಿಲ್ಲ. ಇಷ್ಟಾದ ಮೇಲೂ ಅವರು ಬೇಡವೆಂದರೆ ಬೇಸರಿಸಬೇಡಿ, ಅದು ಅವರ ನಿಯಮ. ಬಾಳೆಹಣ್ಣು ಇದ್ದೇ ಇದೆ.

ಈ ಸಲದ ಹಬ್ಬದಲ್ಲಿ ಡಬರಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಹೊರಗೆ ಬನ್ನಿ. ಇನ್ನು 20 ನಿಮಿಷ ಒಲೆಗೆ ನಿಮ್ಮ ಅಗತ್ಯವಿಲ್ಲ. ಎದುರು ಮನೆ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂರಿ. ಅವರ ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳಿ, ನಿಮ್ಮ ತಾಯಿಯ ಆರೋಗ್ಯದ ಬಗ್ಗೆ ಹೇಳಿ. ಚೀಸ್ ಕರಗಿದ ಪರಿಮಳ ಬಂದಾಗ ಇಬ್ಬರೂ ಒಂದೇ ತಟ್ಟೆಯಿಂದ ತೆಗೆದುಕೊಳ್ಳಿ.